ನಮ್ಮ ಮನೆಯ ಪದ್ಮಿನಿ

ಲಕ್ಕುಂಡಿಯ ಗುಡಿಗಳನ್ನು ನೋಡಲು ಬರುವ ಪ್ರವಾಸಿಕರಲ್ಲಿ ಕೆಲವರು ಕಾಶೀವಿಶ್ವೇಶ್ವರನನ್ನು ನೋಡಿಕೊಂಡು ಮುಸುಕಿನ ಬಾವಿಯನ್ನು ಹುಡುಕುತ್ತ ದಾರಿ ತಪ್ಪಿ ನಮ್ಮ ಓಣಿಗೆ ಬರುವದುಂಟು. ಅವರೊಳಗೆ ಒಬ್ಬಿಬ್ಬರು ನಮ್ಮ ಬೇವಿನ ಮರದ ನೆರಳಲ್ಲಿ ನಿಂತು, ಅಲ್ಲಿರುವ ಹಳೆಯ ಮೋಟಾರಿನ ಛಾಯಾಚಿತ್ರವನ್ನು ತೆಗೆದುಕೊಳ್ಳುತ್ತಾರೆ. "ಇದು ಇನ್ನೂ ಓಡುತ್ತಾ ಸಾರ್?" ಎಂದು ಕೇಳುತ್ತಾರೆ. ಓಡುವದೆಂದು ನಾನು ಹೇಳಿದರೆ ನಂಬದೆ ನಗುತ್ತಾರೆ. ಸಾವಿರ ವರ್ಷದ ಗುಡಿಗಳು ನಿಂತಿರುವದನ್ನು ಈಗತಾನೆ ಕಂಡುಬಂದವರಿಗೆ ಮೂವತ್ತೇಳು ವರ್ಷದ ಮೋಟಾರು ಓಡುವದು ಏತಕ್ಕೆ ಆಶ್ಚರ್ಯವಾಗಬೇಕೋ ತಿಳಿಯದು. ಆದರೆ ನಿಲ್ಲುವದು ಬೇರೆ, ಓಡುವದು ಬೇರೆ. ಈ ಭೇದವನ್ನು ನಾನು ಉಗುರಿನ ಸಂದಿಯಲ್ಲಿಯ ಗ್ರೀಸಿನಿಂದಲೂ, ಒಂದು ಮಳೆಗಾಲದ ರಾತ್ರಿಯ ಭಯದಿಂದಲೂ ಕಲಿತುಕೊಂಡಿದ್ದೇನೆ. ಕಾವ್ಯವಿಚಾರಕ್ಕೆ ಮೀಸಲಾದ ಈ ಮಾಸಿಕದ ಪುಟಗಳಲ್ಲಿ ಮೋಟಾರಿನ ಮಾತನ್ನು ತಂದುದಕ್ಕೆ ಪಂಡಿತವಾಚಕರು ಕ್ಷಮಿಸಬೇಕು. ನಮ್ಮ ಹಿರಿಯರು ಆನೆ ಕುದುರೆಗಳ ಮೇಲೆಯೂ ಶಾಸ್ತ್ರಗಳನ್ನು ಬರೆದಿದ್ದಾರೆಂಬದೊಂದೇ ನನಗಿರುವ ಆಧಾರ.

ಈ ಮೋಟಾರಿನ ಹೆಸರು ಪ್ರೀಮಿಯರ ಪದ್ಮಿನಿ. ನಾಲ್ಕು ಬಾಗಿಲು, ಹಿಂದೆ ಸಾಮಾನಿಡುವ ಡಿಕ್ಕಿ, ಮುಂದೆ ೧೦೮೯ ಘನ ಸೆಂಟಿಮೀಟರಿನ ನಾಲ್ಕು ಸಿಲಿಂಡರಿನ ಎಂಜಿನು, ಗೇರಿನ ದಂಡವು ನೆಲದಿಂದ ಏಳದೆ ಸ್ಟೇರಿಂಗ ಚಕ್ರದ ಕೆಳಗಿನ ಕಂಬದಿಂದ ಚಾಚಿಕೊಂಡಿರುವದು. ಪಾಠಶಾಲೆಯಲ್ಲಿ ಅಮರಕೋಶವನ್ನು ಬಾಯಿಪಾಠ ಮಾಡಿದವನಿಗೆ ಪದ್ಮಿನಿಯೆಂದೊಡನೆ ನೆನಪಾಗುವದು ತಾವರೆಯ ಬಳ್ಳಿ. ಕೊಕ್ಕೋಕನ ರತಿರಹಸ್ಯವನ್ನು ಕದ್ದು ಓದಿದವನಿಗೆ ಸ್ತ್ರೀಜಾತಿಗಳಲ್ಲಿ ಮೊದಲನೆಯವಳು. ನಾನು ಕದ್ದು ಓದಿದೆನೋ ಇಲ್ಲವೋ ಎಂಬದು ಇಲ್ಲಿ ಅಪ್ರಸ್ತುತ. ೧೯೭೪ರಲ್ಲಿ ಕಾರಖಾನೆಯವರು ಈ ಹೆಸರನ್ನಿಟ್ಟಾಗ ಅವರ ಮನಸ್ಸಿನಲ್ಲಿದ್ದವಳು ಚಿತ್ತೂರಿನ ರಾಣಿ ಪದ್ಮಿನಿ. ಆದರೆ ನಮ್ಮ ಸೀಮೆಯಲ್ಲಿ ಈ ಹೆಸರುಗಳೊಂದೂ ನಡೆಯಲಿಲ್ಲ. ಗದಗಿನಲ್ಲಿ, ಹುಬ್ಬಳ್ಳಿಯಲ್ಲಿ, ಎಲ್ಲಿಯೇ ಆಗಲಿ, ಅದು ಮೊದಲಿನಿಂದ ಕಡೆಯವರೆಗೆ 'ಫಿಯಾಟ' ಎಂದೇ ಕರೆಯಿಸಿಕೊಂಡಿತು. ಏಕೆಂದರೆ ಮೂಲದಲ್ಲಿ ಅದು ಇಟಲಿಯ ಫಿಯಾಟ ಮನೆತನದ ಕೂಸು. ತೋರಿನೋ ಪಟ್ಟಣದ ಇಟಲಿಯ ಮೋಟಾರು ಕಾರಖಾನೆ ಎಂಬರ್ಥದ ನಾಲ್ಕು ಶಬ್ದಗಳ ಮೊದಲಕ್ಷರಗಳನ್ನು ಕೂಡಿಸಿದರೆ ಆ ಹೆಸರಾಗುವದು. ಲ್ಯಾಟಿನ್ ಭಾಷೆಯಲ್ಲಿ ಅದಕ್ಕೆ 'ಆಗಲಿ' ಎಂಬ ಅರ್ಥವೂ ಉಂಟು. ನಮ್ಮ 'ಭವತು' ಎಂಬ ಮಾತಿನ ಭೂ ಧಾತುವಿಗೂ ಆ ಲ್ಯಾಟಿನ್ ಕ್ರಿಯೆಗೂ ಮೂಲವು ಒಂದೇ ಎಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಚಳಿಗಾಲದ ಬೆಳಗಿನಲ್ಲಿ ಚೋಕನ್ನು ಎಳೆದು ಕೀಲಿಯನ್ನು ತಿರುವುವಾಗ ನಾನು ಮನಸ್ಸಿನಲ್ಲಿ 'ಭವತು' ಎಂದುಕೊಳ್ಳುವದುಂಟು. ಒಮ್ಮೊಮ್ಮೆ ಆಗುವದು.

ಈ ಗಾಡಿಯ ವಂಶವೃಕ್ಷದಲ್ಲಿ ಕನ್ನಡಿಗರ ಪಾಲೂ ಉಂಟೆಂಬದು ಬಹುಜನರಿಗೆ ತಿಳಿಯದು. ೧೯೩೦ರ ದಶಕದಲ್ಲಿ ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಯುರೋಪ ಅಮೇರಿಕೆಗಳ ಮೋಟಾರು ಕಾರಖಾನೆಗಳನ್ನು ತಾವೇ ಹೋಗಿ ನೋಡಿ, ಹಿಂದುಸ್ಥಾನದಲ್ಲಿಯೇ ಮೋಟಾರು ತಯಾರಿಸುವ ಯೋಜನೆಯೊಂದನ್ನು ಸಿದ್ಧಪಡಿಸಿದರು. ಅಂದಿನ ಆಂಗ್ಲ ಸರಕಾರವು ಅದಕ್ಕೆ ಕೈಗೊಡಲಿಲ್ಲ. ಆ ಕನಸನ್ನು ಕೈಹಿಡಿದವರು ನಮ್ಮ ನೆರೆಯ ಸೊಲ್ಲಾಪುರದಲ್ಲಿ ೧೮೮೨ರಲ್ಲಿ ಹುಟ್ಟಿದ ಶೇಠ ವಾಲಚಂದ ಹೀರಾಚಂದರು. ಹಡಗಿನ ಕಂಪನಿಯನ್ನು ಕಟ್ಟಿದವರೂ, ೧೯೪೦ರಲ್ಲಿ ಮೈಸೂರು ಸಂಸ್ಥಾನದ ಸಹಾಯದಿಂದ ಬೆಂಗಳೂರಿನಲ್ಲಿ ವಿಮಾನದ ಕಾರಖಾನೆಯನ್ನು ಹೂಡಿದವರೂ ಇವರೇ. ಮೋಟಾರು ಕಾರಖಾನೆಯೂ ಬೆಂಗಳೂರಿನಲ್ಲಿಯೇ ಆಗಬೇಕೆಂಬ ಮಾತು ನಡೆದಿದ್ದಿತು. ಆದರೆ ಯುದ್ಧಕಾಲದ ಸರಕಾರದಿಂದ ಒಪ್ಪಿಗೆ ಸಿಗಲಿಲ್ಲ. ಕಡೆಗೆ ೧೯೪೪ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ ಕಂಪನಿಯು ಹುಟ್ಟಿ, ಕುರ್ಲಾದಲ್ಲಿ ಕಾರಖಾನೆಯಾಯಿತು. ಮೊದಲು ಅಮೇರಿಕೆಯ ಗಾಡಿಗಳನ್ನು ಜೋಡಿಸಿದರು. ೧೯೫೦ರ ದಶಕದಲ್ಲಿ ಇಟಲಿಯವರೊಡನೆ ಒಪ್ಪಂದವಾಯಿತು. ಆ ಕಾಲದ ದುಂಡು ಬೆನ್ನಿನ ಫಿಯಾಟನ್ನು ಮುಂಬಯಿಯ ಜನರು 'ಡುಕ್ಕರ' ಎಂದರು. ಮರಾಠಿ ಬಲ್ಲ ನಮ್ಮ ಕಡೆಯವರಿಗೆ ಅದು ಹಂದಿಯೆಂದು ಬಿಡಿಸಿ ಹೇಳಬೇಕಾದುದಿಲ್ಲ. ಹಂದಿಯಿಂದ ಪದ್ಮಿನಿಗೆ ಬರಲು ಇಪ್ಪತ್ತು ವರ್ಷಗಳು ಹಿಡಿದವು. ಈ ಗಾಡಿಯನ್ನು ಕೊಳ್ಳಬೇಕೆಂದರೆ ಹಣ ಕಟ್ಟಿ ವರ್ಷಗಟ್ಟಲೆ ಸರತಿಗಾಗಿ ಕಾಯಬೇಕಾಗಿದ್ದ ಕಾಲವೊಂದಿದ್ದಿತು. ೧೯೮೩ರ ದಶಂಬರದಲ್ಲಿ ಮಾರುತಿಯು ಬಂದ ಮೇಲೆ ಆ ಸರತಿಯು ಕರಗುತ್ತ ಹೋಯಿತು. ಶತಮಾನವು ತಿರುಗುವ ಹೊತ್ತಿಗೆ ತಯಾರಿಕೆಯೂ ನಿಂತಿತು. ನಮ್ಮ ಜಿಲ್ಲೆಯ ಅಧಿಕಾರಿಗಳೂ ಪುಢಾರಿಗಳೂ ಏರಿ ಮೆರೆದ ಅಂಬಾಸಿಡರು ಮಾತ್ರ ೨೦೧೪ರವರೆಗೆ ಬದುಕಿತು.

ನಾನು ಇದನ್ನು ಕೊಂಡದ್ದು ೧೯೯೯ರಲ್ಲಿ, ಎಂದರೆ ಅದರ ಕುಲವು ಮುಳುಗುತ್ತಿರುವಾಗ. ೧೯೮೮ರ ಗಾಡಿ. ಗದಗಿನ ಹತ್ತಿ ವ್ಯಾಪಾರಸ್ಥರೊಬ್ಬರು ಹೊಸ ಗಾಡಿ ಕೊಂಡು ಇದನ್ನು ಮೂಲೆಗೆ ತಳ್ಳಿದ್ದರು. ೪೨,೦೦೦ ರೂಪಾಯಿಗೆ ಕೊಟ್ಟರು. ಶಾಲಾಮಾಸ್ತರನಿಗೆ ಆ ಹಣವು ಸಣ್ಣದಲ್ಲ. ಭವಿಷ್ಯನಿಧಿಯಿಂದ ಸಾಲ ತೆಗೆದೆನು. ಕಾರಣ ನನ್ನ ತಾಯಿ. ಅವಳಿಗೆ ಮೊಣಕಾಲು ಹಿಡಿದು ಬಸ್ಸಿನ ಮೆಟ್ಟಿಲು ಹತ್ತುವದು ಆಗದಾಗಿತ್ತು. ಬನಶಂಕರಿಯ ಜಾತ್ರೆಯನ್ನೂ ಇಟಗಿಯ ಮಹಾದೇವನನ್ನೂ ಇನ್ನೊಮ್ಮೆ ನೋಡಬೇಕೆಂಬ ಆಸೆ ಅವಳಿಗೆ. ಪದ್ಮಿನಿಯ ಆಸನವು ನೆಟ್ಟಗೆ, ಎತ್ತರಕ್ಕೆ ಇರುವದು. ಈಗಿನ ಗಾಡಿಗಳಂತೆ ಬಾವಿಗೆ ಇಳಿದಂತೆ ಇಳಿಯಬೇಕಾಗಿಲ್ಲ. ಮೊದಲ ದಿನ ಕುಳಿತು ಅವಳು, "ಕುರ್ಚಿ ಮ್ಯಾಲೆ ಕೂತಂಗ ಅದನೋ" ಎಂದಳು. ಇದಕ್ಕಿಂತ ದೊಡ್ಡ ಪ್ರಶಸ್ತಿಯು ಆ ಗಾಡಿಗೆ ಬಳಿಕ ಸಿಗಲಿಲ್ಲ. ಆರು ವರ್ಷ ಅವಳು ಅದರಲ್ಲಿ ತಿರುಗಾಡಿದಳು.

ಇನ್ನು ಅದನ್ನು ಸಾಕಿದ ಬಗೆ. ಗಾಡಿಯೊಡನೆ ನನಗೆ ದೊರೆತವರು ಗದಗಿನ ಮಿಸ್ತ್ರಿಗಳು. ಹುಡುಗನಾಗಿರುವಾಗ ಮುಂಬಯಿಗೆ ಓಡಿಹೋಗಿ, ಅಲ್ಲಿಯ ಟ್ಯಾಕ್ಸಿಗಳ ಗ್ಯಾರೇಜುಗಳಲ್ಲಿ ಹತ್ತು ವರ್ಷ ದುಡಿದು ಊರಿಗೆ ಮರಳಿದವರು. ಅವರಿಗೆ ಓದು ಬರೆಹ ಅಷ್ಟಕ್ಕಷ್ಟೇ. ಆದರೆ ಎಂಜಿನಿನ ಮೇಲೆ ಉದ್ದನೆಯ ತಿರುಗುಳಿಯ ತುದಿಯನ್ನಿಟ್ಟು ಅದರ ಹಿಡಿಕೆಗೆ ಕಿವಿಯೊತ್ತಿ, ಯಾವ ಕವಾಟವು ಸಡಿಲಾಗಿದೆಯೆಂದು ಹೇಳುತ್ತಿದ್ದರು. ನಾಲ್ಕು ಸಿಲಿಂಡರುಗಳಲ್ಲಿ ಕಿಡಿಯು ಬೀಳುವ ಕ್ರಮವು ಒಂದು, ಮೂರು, ನಾಲ್ಕು, ಎರಡು. ಅದು ತಪ್ಪಿದರೆ ಎಂಜಿನು ಕೆಮ್ಮುವದು. ಛಂದಸ್ಸಿನಲ್ಲಿ ಗಣ ತಪ್ಪಿದ ಪದ್ಯವನ್ನು ಓದಿದಾಗ ನಮಗೆ ಕಿವಿಯಲ್ಲಿ ಹರಳು ಸಿಕ್ಕಂತಾಗುವದಲ್ಲವೆ, ಹಾಗೆ ಅವರಿಗೆ ಆಗುತ್ತಿದ್ದಿತು. "ನೋಡ್ರಿ ಮಾಸ್ತರ್ರ, ಮೂರನೇದು ಮುನಿಸ್ಕೊಂಡೈತಿ" ಎನ್ನುವರು. ಪ್ಲಗ್ಗನ್ನು ಬಿಚ್ಚಿದರೆ ಅದೇ ಮಸಿ ಹಿಡಿದಿರುವದು.

ಅವರ ಕೈಯಲ್ಲಿ ನಾನು ಕಲಿತ ಮೊದಲ ಪಾಠ ಪಾಯಿಂಟಿನದು. ಈಗಿನ ಗಾಡಿಗಳಲ್ಲಿ ಕಿಡಿಯ ಕಾಲವನ್ನು ಗಣಕವು ನಿರ್ಣಯಿಸುವದು. ಪದ್ಮಿನಿಯಲ್ಲಿ ಒಂದು ದುಂಡು ಡಬ್ಬಿಯೊಳಗೆ ಎರಡು ಸಣ್ಣ ಲೋಹದ ತುದಿಗಳು ಕೂಡುತ್ತ ಅಗಲುತ್ತ ಇರುವವು; ಅಗಲಿದ ಕ್ಷಣಕ್ಕೆ ಕಾಯಿಲಿನಲ್ಲಿ ವಿದ್ಯುತ್ತು ಚಿಮ್ಮಿ ಪ್ಲಗ್ಗಿಗೆ ಹೋಗುವದು. ಆ ಅಗಲಿಕೆಯು ಅರ್ಧ ಮಿಲಿಮೀಟರಿಗಿಂತ ತುಸು ಕಡಿಮೆ ಇರಬೇಕು. ಅಳೆಯಲು ಉಕ್ಕಿನ ತೆಳು ಪಟ್ಟಿಗಳಿರುವವು. ಅವಿಲ್ಲದಲ್ಲಿ ಮಡಿಸದ ಲಗ್ನಪತ್ರಿಕೆಯ ದಪ್ಪ ಕಾಗದವೂ ನಡೆಯುವದೆಂದು ಮಿಸ್ತ್ರಿಗಳು ತೋರಿಸಿಕೊಟ್ಟರು. ಅಂದಿನಿಂದ ನಮ್ಮ ಗಾಡಿಯ ಗೂಡಿನಲ್ಲಿ ಯಾರದಾದರೂ ಲಗ್ನಪತ್ರಿಕೆಯೊಂದು ಇದ್ದೇ ಇರುವದು. ಈ ತುದಿಗಳು ಬೇಗ ಸುಡದಂತೆ ಕಾಯುವದು ಪಕ್ಕದಲ್ಲಿಯ ಹೆಬ್ಬೆರಳಿನ ತುದಿಯಷ್ಟಿರುವ ಕಂಡೆನ್ಸರು. ಇದರ ಹೆಸರನ್ನು ವಾಚಕರು ನೆನಪಿನಲ್ಲಿಡಬೇಕು.

ಕಂಪನಿಯು ಮುಚ್ಚಿದ ಗಾಡಿಯ ಬಿಡಿಭಾಗಗಳು ಎಲ್ಲಿಂದ ಬರುತ್ತವೆಂದು ಹಲವರು ಕೇಳುವರು. ಮೊದಲ ಹತ್ತು ವರ್ಷ ಅದರ ಚಿಂತೆಯಿರಲಿಲ್ಲ. ಮುಂಬಯಿಯಲ್ಲಿ ಸಾವಿರಾರು ಕಪ್ಪು-ಹಳದಿ ಟ್ಯಾಕ್ಸಿಗಳು ಪದ್ಮಿನಿಗಳೇ ಆಗಿದ್ದವು. ಅವು ಓಡುವವರೆಗೆ ಅವುಗಳ ಸಾಮಾನೂ ತಯಾರಾಗುತ್ತಿದ್ದಿತು. ಹುಬ್ಬಳ್ಳಿಯಲ್ಲಿ ಸಿಗದ್ದು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ, ಅಲ್ಲಿ ಸಿಗದ್ದು ಮುಂಬಯಿಯಲ್ಲಿ. ಟ್ಯಾಕ್ಸಿಗಳು ಕಡಿಮೆಯಾದಂತೆ ಅಂಗಡಿಯವರು ತಲೆಯಲ್ಲಾಡಿಸಲಾರಂಭಿಸಿದರು. ಆ ಮೇಲೆ ಉಳಿದುದು ನಕಲು. ಮುರಿದ ಭಾಗವನ್ನು ಬೆಟಗೇರಿಯ ಲೇಥಿನ ಅಂಗಡಿಗೆ ಒಯ್ದರೆ ಅದನ್ನು ನೋಡಿ ಇನ್ನೊಂದನ್ನು ಕಡೆದುಕೊಡುವರು. ನಮ್ಮೂರಿನಲ್ಲಿ ೧೦೦೭ರಲ್ಲಿ ಬ್ರಹ್ಮಜಿನಾಲಯವನ್ನು ಕಟ್ಟಿಸಿದ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣವು ಅಳಿಯಬಾರದೆಂದು ಅದರ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಮೂಲವು ಹೋದರೂ ನಕಲಿನಿಂದ ಕೃತಿಯು ಬದುಕುವದು. ನನ್ನ ಸ್ಪ್ರಿಂಗಿನ ಬುಶ್ಶುಗಳನ್ನು ಆ ಪುಣ್ಯಕಾರ್ಯದ ಸಾಲಿಗೆ ಸೇರಿಸುವದು ಅತಿಯಾಯಿತೆಂದು ಬಲ್ಲೆನು.

ಆದರೆ ಲೇಥಿನ ವಿಷಯದಲ್ಲಿ ಅತಿಯೇನೂ ಇಲ್ಲ. ಬ್ರೇಕಿನ ಡ್ರಮ್ಮುಗಳು ಸವೆದು ಒಳಮೈಯಲ್ಲಿ ಗೀರು ಬಿದ್ದವೆಂದರೆ ಅವನ್ನು ಲೇಥಿಗೆ ಕಟ್ಟಿ ಕೂದಲೆಳೆಯಷ್ಟು ಹೆರೆಸಬೇಕು. ಮೊದಲ ಸಾರೆ ಅದನ್ನು ನಾನು ನಿಂತು ನೋಡಿದಾಗ, ತಿರುಗುವ ಡ್ರಮ್ಮಿಗೆ ಉಳಿಯು ತಾಗಿ ಎರಕದ ಕಬ್ಬಿಣದ ಪುಡಿಯು ಉದುರಿ ಬಿದ್ದು, ಒಳಗೆ ಕನ್ನಡಿಯಂಥ ಉಂಗುರವು ಹೊಳೆಯಿತು. ಆ ಸಂಜೆ ಊರಿಗೆ ಬಂದು ಕಾಶೀವಿಶ್ವೇಶ್ವರನ ಗುಡಿಗೆ ಹೋದೆನು. ಚಿಕ್ಕಂದಿನಿಂದ ಸಾವಿರ ಸಲ ನೋಡಿದ ಕಂಬಗಳವು. ಅವನ್ನು ಕಡೆದವೆಂದು ಪುಸ್ತಕಗಳಲ್ಲಿ ಓದಿದ್ದೆನು, ವಿದ್ಯಾರ್ಥಿಗಳಿಗೆ ಹೇಳಿಯೂ ಇದ್ದೆನು. ಆದರೆ ಕಡೆಯುವದೆಂದರೇನೆಂದು ಅಂದು ತಿಳಿಯಿತು. ಕಂಬದ ನಡುವಿನ ಬಳೆಗಳ ಮೇಲೆ ಬೆರಳನ್ನು ಸುತ್ತಿಸಿದರೆ ಅದೇ ಉಂಗುರ, ಅದೇ ನುಣುಪು. ಕಲ್ಯಾಣಚಾಲುಕ್ಯರ ಕಾಲದ ಆ ಕೈಗಾರನು ಮೆತ್ತನೆಯ ಬಳಪದ ಜಾತಿಯ ಕಲ್ಲನ್ನು ತಿರುಗಿಸಿ, ಉಳಿಯನ್ನು ನಿಲ್ಲಿಸಿ ಹಿಡಿದಿದ್ದನು. ಬೆಟಗೇರಿಯವನೂ ಹಾಗೆಯೇ ಹಿಡಿದಿದ್ದನು. ಎತ್ತರದ ಆ ಕಲ್ಲನ್ನು ಯಾವ ಬಲದಿಂದ ತಿರುಗಿಸಿದರೆಂದು ಅಂದಿನಿಂದ ಅಲ್ಲಿ ಹೋದಾಗಲೆಲ್ಲ ಯೋಚಿಸುತ್ತಿರುವೆನು. ಮಿಸ್ತ್ರಿಗಳನ್ನು ಒಮ್ಮೆ ಕರೆತಂದು ತೋರಿಸಿದೆನು. ಅವರು ದೇವರಿಗೆ ಕೈಮುಗಿಯಲಿಲ್ಲ. ಕಂಬವನ್ನು ಬಹಳ ಹೊತ್ತು ತಟ್ಟಿ ಮುಟ್ಟಿ ನೋಡಿ, "ಇವ್ನ ಹತ್ಯಾರ ಮೊಂಡ ಇರಲಿಲ್ರಿ" ಎಂದರು.

ಬೇಸಿಗೆಯಲ್ಲಿ ಈ ಗಾಡಿಗೊಂದು ರೋಗವುಂಟು. ಎಂಜಿನಿಗೆ ಅಂಟಿಕೊಂಡಿರುವ ಪೆಟ್ರೋಲಿನ ಪಂಪು ಕಾಯ್ದು, ಒಳಗಿನ ತೈಲವು ಆವಿಯಾಗಿ, ಪಂಪು ಗಾಳಿಯನ್ನೇ ಜಗ್ಗತೊಡಗುವದು. ಆಗ ಪಂಪಿನ ಮೇಲೆ ಒದ್ದೆಯ ಬಟ್ಟೆಯನ್ನು ಹೊದಿಸಿ, ಮರದ ನೆರಳಿನಲ್ಲಿ ಅರ್ಧ ತಾಸು ಕುಳಿತರೆ ಸಾಕು. ಎಷ್ಟೋ ಏಪ್ರಿಲ್ ತಿಂಗಳುಗಳ ಮಧ್ಯಾಹ್ನಗಳಲ್ಲಿ ಡಂಬಳದ ದಾರಿಯ ಜಾಲಿಯ ಕೆಳಗೆ ಹೀಗೆ ಕುಳಿತು ಕಪ್ಪತಗುಡ್ಡವನ್ನು ನೋಡಿದ್ದೇನೆ. ಈಚೆಗೆ ಪೆಟ್ರೋಲಿನಲ್ಲಿ ಕಬ್ಬು ಧಾನ್ಯಗಳಿಂದ ತೆಗೆದ ಮದ್ಯಸಾರವನ್ನು ಬೆರೆಸುತ್ತಿರುವರಷ್ಟೆ. ೨೦೨೫ರಲ್ಲಿ ಅದು ನೂರಕ್ಕೆ ಇಪ್ಪತ್ತು ಪಾಲನ್ನು ಮುಟ್ಟಿತು. ದೇಶದ ಹಣವು ಹೊರಗೆ ಹೋಗುವದು ತಪ್ಪುವದು, ರೈತನ ಕಬ್ಬಿಗೆ ಗಿರಾಕಿಯಾಗುವದು; ಅದನ್ನು ಅಲ್ಲಗಳೆಯಲಾರೆನು. ಆದರೆ ೧೯೮೮ರ ರಬ್ಬರಿಗೆ ಮದ್ಯಸಾರದ ರೂಢಿಯಿಲ್ಲ. ಕೊಳವೆಗಳು ಮೆತ್ತಗಾಗಿ ಬಿರಿಯುವವು, ಪಂಪಿನೊಳಗಿನ ರಬ್ಬರಿನ ಪೊರೆಯು ಉಬ್ಬುವದು. ಮುದಿಪ್ರಾಯದಲ್ಲಿ ಪದ್ಮಿನಿಗೆ ಕುಡಿತವನ್ನು ಕಲಿಸಿದಂತಾಯಿತು. ಕೊಳವೆಗಳನ್ನೆಲ್ಲ ಹೊಸ ಜಾತಿಯ ರಬ್ಬರಿನವಾಗಿ ಬದಲಿಸಿದ್ದೇನೆ. ಪೊರೆಯದೊಂದೇ ತೊಡಕು ಉಳಿದಿದೆ.

ಈಗ ಆ ರಾತ್ರಿಯ ಮಾತನ್ನು ಹೇಳಬೇಕು. ೨೦೧೭ರ ಶ್ರಾವಣಮಾಸ. ಅದಕ್ಕೆ ಎರಡು ತಿಂಗಳು ಮೊದಲು ಮಿಸ್ತ್ರಿಗಳು, "ಮಾಸ್ತರ್ರ, ಈ ಕಂಡೆನ್ಸರ್ ಹಳೇದಾತ್ರಿ. ಇಂದಲ್ಲ ನಾಳೆ ಕೈ ಕೊಡತೈತಿ. ಬದ್ಲಿ ಮಾಡೂಣು" ಎಂದಿದ್ದರು. ಅದರ ಬೆಲೆಯು ಇನ್ನೂರು ರೂಪಾಯಿಯೂ ಆಗುತ್ತಿದ್ದಿಲ್ಲ. "ಮುಂದಿನ ತಿಂಗಳ ನೋಡೂಣ" ಎಂದೆನು. ಜಿಪುಣತನವೆನ್ನಲೆ? ಅದಕ್ಕಿಂತಲೂ ಅದು ಅಹಂಕಾರ. ಹದಿನೆಂಟು ವರ್ಷ ಆ ಗಾಡಿಯನ್ನು ನಡೆಸಿದ ನನಗೆ ಅದರ ದನಿಯು ತಿಳಿಯುವದೆಂದೂ, ಕೆಡುವ ಮೊದಲು ಅದು ನನಗೆ ಹೇಳಿಯೇ ಹೇಳುವದೆಂದೂ ಭಾವಿಸಿದ್ದೆನು.

ರಾತ್ರಿ ಹನ್ನೊಂದರ ಮೇಲೆ ನನ್ನ ಹೆಂಡತಿಯು ಎದ್ದು ಕುಳಿತು, "ಏನ್ರಿ, ಎದಿ ಹಿಂಡಿಧಂಗ ಆಗ್ಲಿಕತ್ತದ" ಎಂದಳು. ಮೈಯೆಲ್ಲ ಬೆವರು. ಹೊರಗೆ ಮಳೆ. ಅವಳನ್ನು ಗಾಡಿಯಲ್ಲಿ ಕುಳ್ಳಿರಿಸಿ ಗದಗಿನ ದಾರಿ ಹಿಡಿದೆನು. ಗದಗು ಏನು ದೂರ? ಹನ್ನೊಂದು ಹನ್ನೆರಡು ಕಿಲೋಮೀಟರು. ಐದಾರು ಕಿಲೋಮೀಟರು ಹೋಗುವಷ್ಟರಲ್ಲಿ ಎಂಜಿನು ಎರಡು ಸಲ ಸೀನಿ ನಿಂತುಹೋಯಿತು. ಸುತ್ತಲೂ ಎರೆಯ ಹೊಲಗಳು, ಕತ್ತಲೆ. ದೂರದಲ್ಲಿ ಗಾಳಿಯಂತ್ರಗಳ ಕೆಂಪು ದೀಪಗಳು. ಬಾಯಿಯಲ್ಲಿ ಬ್ಯಾಟರಿಯನ್ನು ಕಚ್ಚಿ ಹಿಡಿದು, ಡಬ್ಬಿಯನ್ನು ಬಿಚ್ಚಿ, ಲಗ್ನಪತ್ರಿಕೆಯಿಂದ ಪಾಯಿಂಟನ್ನು ಒರೆಸಿದೆನು. ಎಂಜಿನು ಎದ್ದಿತು, ಫರ್ಲಾಂಗು ಹೋಗಿ ಮತ್ತೆ ಬಿದ್ದಿತು. ಮತ್ತೆ ಒರೆಸಿದೆನು. ಕಂಡೆನ್ಸರು ಸತ್ತ ಮೇಲೆ ಪಾಯಿಂಟನ್ನು ಒರೆಸುವದು ಹೆಣಕ್ಕೆ ಗಾಳಿ ಬೀಸಿದಂತೆಂದು ನನಗೆ ತಿಳಿದಿದ್ದಿತು, ತಿಳಿದೂ ಒರೆಸಿದೆನು. ಅವಳು ಒಳಗೆ ಕುಳಿತು ಏನೂ ಮಾತಾಡಲಿಲ್ಲ. ನರಳಿದ್ದರೆ ನನಗೆ ಅಷ್ಟು ಹೆದರಿಕೆಯಾಗುತ್ತಿರಲಿಲ್ಲ.

ಎಷ್ಟು ಹೊತ್ತಾಯಿತೋ ಅರಿಯೆನು. ಕೊಪ್ಪಳದ ಕಡೆಯಿಂದ ಉಳ್ಳಾಗಡ್ಡಿ ತುಂಬಿದ ಸಣ್ಣ ಲಾರಿಯೊಂದು ಬಂದು ನಿಂತಿತು. ಚಾಲಕನು ಇಪ್ಪತ್ತೈದರ ಒಳಗಿನ ಹುಡುಗ. ಅವನು ಗಾಡಿಯ ಕಡೆಗೆ ನೋಡಲೂ ಇಲ್ಲ. "ಮೊದ್ಲ ಅವ್ವಾರ್ನ ಹತ್ತಸ್ರಿ ಅಜ್ಜಾರ" ಎಂದನು. ಅವಳನ್ನು ಅವನ ಪಕ್ಕಕ್ಕೆ ಕುಳ್ಳಿರಿಸಿ, ನಾನು ಉಳ್ಳಾಗಡ್ಡಿಯ ಚೀಲಗಳ ಮೇಲೆ ಮಳೆಯಲ್ಲಿ ಕುಳಿತೆನು. ಪದ್ಮಿನಿಯು ಬಾಗಿಲು ತೆರೆದುಕೊಂಡೇ ದಂಡೆಗೆ ಉಳಿಯಿತು. ಗದಗಿನಲ್ಲಿ ಮೊದಲ ಉಪಚಾರವಾಯಿತು. ಮರುದಿನ ಹುಬ್ಬಳ್ಳಿಯಲ್ಲಿ ರಕ್ತನಾಳಕ್ಕೆ ಸ್ಟೆಂಟನ್ನು ಹಾಕಿದರು. ಇನ್ನೊಂದು ತಾಸು ತಡವಾಗಿದ್ದರೆ ಎಂದು ವೈದ್ಯರು ಮಾತನ್ನು ಅರ್ಧಕ್ಕೆ ನಿಲ್ಲಿಸಿದರು. ಬೆಂಗಳೂರಿನಿಂದ ಓಡಿಬಂದ ಮಗನು ಎಲ್ಲವನ್ನೂ ಕೇಳಿಕೊಂಡು, "ಅಪ್ಪಾ, ನಿಮಗ ಗಾಡಿ ದೊಡ್ಡದೋ ಅವ್ವ ದೊಡ್ಡಾಕಿಯೋ?" ಎಂದನು. ಮೂವತ್ತೆರಡು ವರ್ಷ ಹುಡುಗರಿಗೆ ಪ್ರಶ್ನೆ ಹಾಕಿದವನಿಗೆ ಆ ದಿನ ಉತ್ತರ ಬರಲಿಲ್ಲ.

ಕಂಡೆನ್ಸರಿನ ಸಂಗತಿಯನ್ನು ನಾನು ಯಾರಿಗೂ ಹೇಳಲಿಲ್ಲ. ಮಿಸ್ತ್ರಿಗಳಿಗೆ ತಿಳಿದಿದ್ದಿತು. ಗಾಡಿಯನ್ನು ಎಳೆಸಿಕೊಂಡು ಹೋಗಿ, ಹೊಸ ಕಂಡೆನ್ಸರನ್ನು ಹಾಕಿ, ಹಳೆಯದನ್ನು ನನ್ನ ಅಂಗೈಯಲ್ಲಿಟ್ಟರು. ಒಂದು ಮಾತೂ ಆಡಲಿಲ್ಲ.

ಮಾರಿಬಿಡುವದೆಂದು ನಿಶ್ಚಯಿಸಿದೆನು. ಹುಬ್ಬಳ್ಳಿಯಿಂದ ಗುಜರಿಯವನು ಬಂದು ತೂಕದ ಲೆಕ್ಕ ಹಾಕಿ ೧೮,೦೦೦ ರೂಪಾಯಿ ಎಂದನು. ಮನೆಯ ಕಟ್ಟೆಯ ಮೇಲೆ ಕುಳಿತಿದ್ದ ನನ್ನ ಹೆಂಡತಿಯು ಅವನಿಗೆ ಚಹಾ ಕೊಟ್ಟು ಕಳಿಸಿ, ನನಗೆ ಹೇಳಿದಳು: "ಗಾಡಿ ಇರಲಿ ಬಿಡ್ರಿ. ಅತ್ತಿಯವರು ಕೂತ ಗಾಡಿ ಅದು. ಆದರ ನನ್ನ ಜೀವಕ್ಕ ಅದರ ಜಾಮೀನು ಬ್ಯಾಡ. ರಾತ್ರಿ ಏನರ ಆದ್ರ ನೂರಾಎಂಟಕ್ಕ ಫೋನ್ ಮಾಡ್ರಿ." ನೂರಾಎಂಟರ ಆರೋಗ್ಯಕವಚವು ನಮ್ಮ ರಾಜ್ಯಕ್ಕೆ ೨೦೦೮ರಲ್ಲಿಯೇ ಬಂದಿದ್ದಿತು. ಆ ರಾತ್ರಿ ಅದು ನನ್ನ ನೆನಪಿಗೇ ಬರಲಿಲ್ಲ. ಅಂಗಳದಲ್ಲಿ ಸ್ವಂತದ ಗಾಡಿಯಿದ್ದುದೇ ಅದಕ್ಕೆ ಕಾರಣ. ಅಂದಿನಿಂದ ಪದ್ಮಿನಿಯು ದೀಪ ಹಚ್ಚಿದ ಮೇಲೆ ಊರ ಹೊರಗೆ ಹೋಗುವದಿಲ್ಲ. ಡಿಕ್ಕಿಯಲ್ಲಿ ಎರಡು ಹೊಸ ಕಂಡೆನ್ಸರುಗಳಿರುವವು. ಹಳೆಯದು ನನ್ನ ಮೇಜಿನ ಮೇಲೆ, ಮಸಿಕುಡಿಕೆಯ ಹತ್ತಿರ ಇರುವದು.

೨೦೨೧ರ ಹೊತ್ತಿಗೆ ಮಿಸ್ತ್ರಿಗಳ ಕಣ್ಣು ಮಂಜಾಯಿತು. ಶಸ್ತ್ರಕ್ರಿಯೆಯಿಂದಲೂ ಪೂರ್ಣ ಗುಣವಾಗಲಿಲ್ಲ. ಅವರ ಮಕ್ಕಳು ಬೇರೆ ಉದ್ಯೋಗ ಹಿಡಿದವರು. ಒಂದು ದಿನ ಕರೆಯಿಸಿ, ಮುಂಬಯಿಯಿಂದ ತಂದಿದ್ದ ಅಳತೆಯ ಪಟ್ಟಿಗಳ ತಗಡಿನ ಡಬ್ಬಿಯನ್ನು ನನ್ನ ಮುಂದಿಟ್ಟರು. ನಾನು ಕೈಮುಗಿದು ತೆಗೆದುಕೊಳ್ಳಲು ಹೋದರೆ, "ಐವತ್ತ ರೂಪಾಯಿ ಕೊಡ್ರಿ" ಎಂದರು. ಪುಕ್ಕಟೆ ಬಂದ ಹತ್ಯಾರು ಕೈಗೆ ಹತ್ತುವದಿಲ್ಲವಂತೆ. ಕೊಟ್ಟೆನು. ಈಗ ಪಾಯಿಂಟು, ಪ್ಲಗ್ಗು, ಕವಾಟಗಳ ಅಳತೆ, ಗ್ರೀಸು, ಇಷ್ಟನ್ನು ನಾನೇ ಮಾಡಿಕೊಳ್ಳುವೆನು. ನ್ಯಾಯಶಾಸ್ತ್ರವನ್ನು ಅರೆಬರೆ ಓದಿದವನು ಇಷ್ಟು ಕಲಿಯಲು ಇಪ್ಪತ್ತು ವರ್ಷ ಹಿಡಿಯಬಾರದಿತ್ತು. ತಿರುಗುಳಿಗೆ ಕಿವಿಯೊತ್ತಿ ಕೇಳುವದು ಮಾತ್ರ ನನಗೆ ಸಾಧಿಸಿಲ್ಲ. ಟಕಟಕವೆಂಬದು ಕೇಳುವದು, ಯಾವದೆಂದು ತಿಳಿಯದು. ಆಗ ಫೋನನ್ನು ಎಂಜಿನಿನ ಹತ್ತಿರ ಹಿಡಿದರೆ ಅವರು ಮನೆಯಲ್ಲಿ ಕುಳಿತೇ, "ಎರಡನೇದು ನೋಡ್ರಿ" ಎನ್ನುವರು.

ಹದಿನೈದು ವರ್ಷ ತುಂಬಿದ ಗಾಡಿಯ ನೋಂದಣಿಯನ್ನು ಐದು ವರ್ಷಕ್ಕೊಮ್ಮೆ ಹೊಸದು ಮಾಡಿಸಬೇಕು. ನಮ್ಮದು ೨೦೦೩, ೨೦೦೮, ೨೦೧೩, ೨೦೧೮ ಹೀಗೆ ನಡೆದು ೨೦೨೩ರಲ್ಲಿ ಐದನೆಯ ಸಲ ಬಂದಿತು. ಮೊದಲು ೬೦೦ ರೂಪಾಯಿ ಇದ್ದ ಶುಲ್ಕವು ೨೦೨೨ರ ಏಪ್ರಿಲ್ ೧ರಿಂದ ೫,೦೦೦ ರೂಪಾಯಿಯಾಗಿತ್ತು. ಹಸುರು ತೆರಿಗೆಯು ಬೇರೆ. ತಪಾಸಣೆಗೆ ಬಂದ ತರುಣ ಅಧಿಕಾರಿಯು ಸುತ್ತಲೂ ನೋಡಿ, ಬ್ರೇಕು ದೀಪಗಳನ್ನು ಪರೀಕ್ಷಿಸಿ, ಅಡಿಗಟ್ಟಿನ ಮೇಲೆ ಕೊರೆದ ಅಂಕೆಯ ಮೇಲೆ ಕಾಗದವನ್ನಿಟ್ಟು ಪೆನ್ಸಿಲಿನಿಂದ ತಿಕ್ಕಿ ಅಚ್ಚು ತೆಗೆದನು. ಶಾಸನತಜ್ಞರು ನಮ್ಮೂರಿನ ಕಲ್ಲುಗಳಿಂದ ಪ್ರತಿ ತೆಗೆಯುವದನ್ನು ಕಂಡಿದ್ದ ನನಗೆ ನಗು ಬಂದಿತು. ಅಂಕೆಯು ದಾಖಲೆಗೆ ಸರಿಹೋಯಿತು. ಗಾಡಿಯು ಅದೇ ಗಾಡಿಯೆಂದು ಸಿದ್ಧವಾಯಿತು.

ಆದರೆ ಅದೇ ಗಾಡಿಯೇ? ಇದು ಹಳೆಯ ವಾದ. ಮಿಲಿಂದ ರಾಜನಿಗೆ ನಾಗಸೇನ ಭಿಕ್ಷುವು ರಥವನ್ನೇ ತೋರಿಸಿ ಕೇಳಿದನು: ಗಾಲಿಯು ರಥವೆ? ಅಚ್ಚು ರಥವೆ? ನೊಗವು ರಥವೆ? ಬಿಡಿಬಿಡಿಯಾಗಿ ಯಾವದೂ ಅಲ್ಲ. ರಥವೆಂಬದು ಬರಿಯ ಹೆಸರು. ನಮ್ಮ ನೈಯಾಯಿಕರು ಇದನ್ನು ಒಪ್ಪುವದಿಲ್ಲ. ಅವಯವಗಳಿಗಿಂತ ಬೇರೆಯಾದ ಅವಯವಿಯೊಂದುಂಟು. ಆದರೆ ಬಟ್ಟೆಯಿಂದ ಒಂದು ನೂಲನ್ನು ಹಿರಿದರೂ ಹಳೆಯ ಬಟ್ಟೆಯು ನಾಶವಾಗಿ ಖಂಡಪಟವೆಂಬ ಬೇರೊಂದು ಹುಟ್ಟುವದೆಂಬದು ಅವರ ಮತ. ಆ ಲೆಕ್ಕದಂತೆ ನಮ್ಮ ಅಂಗಳದಲ್ಲಿ ಈವರೆಗೆ ಎಷ್ಟು ಪದ್ಮಿನಿಗಳು ಹುಟ್ಟಿ ಸತ್ತವೋ! ಪಿಸ್ಟನ್ನುಗಳು ಬೇರೆ, ಕೊಳವೆಗಳು ಬೇರೆ, ನೆಲದ ತಗಡಿನಲ್ಲಿ ಅರ್ಧಪಾಲು ಬೆಟಗೇರಿಯದು. ಸರಕಾರದ ಮತ ಮಾತ್ರ ಸುಲಭ: ಅಡಿಗಟ್ಟಿನ ಅಂಕೆಯು ಉಳಿದಿರುವವರೆಗೆ ಗಾಡಿಯು ಉಳಿದಿದೆ. ನನ್ನ ಹೆಂಡತಿಯದು ಇನ್ನೂ ಸುಲಭ: ಅತ್ತೆಯು ಕುಳಿತ ಆಸನವು ಉಳಿದಿದೆ. ಅದರ ಹೊದಿಕೆಯನ್ನು ನಾನು ಎರಡು ಸಲ ಬದಲಿಸಿದ್ದೇನೆಂದು ಅವಳಿಗೆ ಗೊತ್ತಿದ್ದೂ ಹೇಳುವಳು.

ಅದೇ ೨೦೨೩ರ ಅಕ್ಟೋಬರ ಕೊನೆಗೆ ಮುಂಬಯಿಯ ಪದ್ಮಿನಿ ಟ್ಯಾಕ್ಸಿಗಳ ಆಯುಸ್ಸು ಮುಗಿಯಿತು. ಅಲ್ಲಿ ಟ್ಯಾಕ್ಸಿಗೆ ಇಪ್ಪತ್ತು ವರ್ಷದ ಮಿತಿ. ಕೊನೆಯ ಪದ್ಮಿನಿಯು ಟ್ಯಾಕ್ಸಿಯೆಂದು ನೋಂದಿದ್ದು ೨೦೦೩ರ ಅಕ್ಟೋಬರ ೨೯ರಂದು. ಪತ್ರಿಕೆಯಲ್ಲಿ ಬಂದ ಸುದ್ದಿಯನ್ನು ಮಿಸ್ತ್ರಿಗಳಿಗೆ ಓದಿ ಹೇಳಿದೆನು. ಅವರು ಬಹಳ ಹೊತ್ತು ಸುಮ್ಮನಿದ್ದು, "ಹಂಗಾದ್ರ ಇನ್ನ ಸಾಮಾನ ಅಗ್ಗ ಆಗತೈತ್ರಿ, ಒಂದ ವರ್ಷ. ಆಮ್ಯಾಲ ಸಿಗೂದಿಲ್ಲ. ಈಗ ತರಿಸ್ಕೊಂಡ ಇಟ್ಕೊರಿ" ಎಂದರು. ಹಾಗೆಯೇ ಆಯಿತು. ಆ ವರ್ಷ ತರಿಸಿಟ್ಟುದರಲ್ಲಿ ಈಗ ಉಳಿದುದು ಒಂದು ಕ್ಲಚ್ಚಿನ ತಟ್ಟೆ, ಬ್ರೇಕಿನ ರಬ್ಬರುಗಳ ಎರಡು ಜೊತೆ, ಪಂಪಿನ ಪೊರೆ ಒಂದೇ ಒಂದು.

ಮುಂದಿನ ನವೀಕರಣವು ೨೦೨೮ಕ್ಕೆ. ೨೦೨೫ರಲ್ಲಿ ಹೊರಟ ಆಜ್ಞೆಯ ಮೇರೆಗೆ ಇಪ್ಪತ್ತು ವರ್ಷ ಮೀರಿದ ಇಂಥ ಗಾಡಿಗಳಿಗೆ ಶುಲ್ಕವು ೧೦,೦೦೦ ರೂಪಾಯಿಯಾಗಿದೆ. ಆಗ ನನಗೆ ಎಪ್ಪತ್ತರ ಸಮೀಪ. ಕೊಡುವೆನೋ ಇಲ್ಲವೋ ಈಗ ಹೇಳಲಾರೆನು. ಮಗನು ಮೊನ್ನೆ ಬಂದಾಗ ಮೊದಲಿನ ಕಟುವಿಲ್ಲದೆ, "ಇದರ ಪಾಯಿಂಟ್ ಹೆಂಗ ಸೆಟ್ ಮಾಡತಾರಪ್ಪಾ?" ಎಂದು ಕೇಳಿದನು. ತೋರಿಸಿದೆನು. ಲಗ್ನಪತ್ರಿಕೆಯನ್ನು ಹಾಕಿ ತೆಗೆದು, ಬಿಗಿ ಹೆಚ್ಚಾಯಿತೆಂದನು. ಹೆಚ್ಚಾಗಿರಲಿಲ್ಲ, ಸುಮ್ಮನಿದ್ದೆನು.

ಶನಿವಾರ ಬೆಳಿಗ್ಗೆ ಬೆಟಗೇರಿಗೆ ಹೋಗುವದಿದೆ. ಹಿಂದಿನ ಎಡಗಡೆಯ ಡ್ರಮ್ಮು ಕಿರುಗುಟ್ಟುತ್ತಿದೆ. ಪಂಪಿನ ಪೊರೆಯ ನಮೂನೆಯನ್ನೂ ಒಯ್ದು, ಮದ್ಯಸಾರವನ್ನು ತಾಳುವ ರಬ್ಬರಿನಲ್ಲಿ ಕತ್ತರಿಸಿಕೊಡುವರೇ ಎಂದು ಕೇಳಬೇಕು. ನನ್ನ ಹೆಂಡತಿಯೂ ಬರುವೆನೆಂದಿದ್ದಾಳೆ. ಅವಳ ತಂಗಿಯ ಮನೆ ಅಲ್ಲಿಯೇ ಹತ್ತಿರ. ಹೊತ್ತು ಮುಳುಗುವದರೊಳಗೆ ತಿರುಗಿ ಬರಬೇಕೆಂದು ನನಗೆ ಎರಡು ಸಲ ಹೇಳಿದ್ದಾಳೆ, ನಾನು ಒಪ್ಪಿದ್ದೇನೆ.